ಹರಳೆಣ್ಣೆಯ ಮೇಲಿನ ದೂರು

ಟೋಪಿ ಜಾರಲಿಲ್ಲ. ಅವಳೇ ಕಿತ್ತು ಹಾಕಿದಳು. ಹರಳೆಣ್ಣೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ನೆಂಟರಲ್ಲಿ ಇವತ್ತಿಗೂ ಕೆಲವರು ಆ ಕತೆಯನ್ನು ತಲೆಕೆಳಗಾಗಿ ಹೇಳುತ್ತಾರೆ. ಮಂಡ್ಯದ ಅಜ್ಜಿ ಐರ್ಲೆಂಡಿಗೆ ಹೋಗಿ, ಮೊಮ್ಮಗಳ ತಲೆಗೆ ಎಣ್ಣೆ ಮೆತ್ತಿ, ಅವಳ ಈಜು ಕೆಡಿಸಿದಳು ಎಂದು ಮದುವೆ ಮನೆಗಳಲ್ಲಿ ನಗುತ್ತಾರೆ. ನಗಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಕಣ್ಣು ನೆಟ್ಟಗಿದ್ದವು. ಈಗ ಆ ಹುಡುಗಿ ಜಪಾನಿನ ಪರವಾಗಿ ಸಮುದ್ರದಲ್ಲಿ ಹತ್ತು ಕಿಲೋಮೀಟರು ಈಜುತ್ತಾಳೆ. ಟೀವಿಯಲ್ಲಿ ನೋಡುತ್ತೇನೆ. ಗಂಡುಹುಡುಗರ ಹಾಗೆ ಕತ್ತರಿಸಿದ ತಲೆ, ತೋಳು ಏಳುತ್ತದೆ, ಬೀಳುತ್ತದೆ, ರಾಗಿ ಬೀಸುವ ಕಲ್ಲಿನ ಹಾಗೆ ಒಂದೇ ಸಮ. ಅವಳ ಶಿಸ್ತು ಅಪ್ಪನ ದೇಶದ್ದು, ಗಟ್ಟಿತನ ಐರ್ಲೆಂಡಿನ ತಣ್ಣೀರಿನದು ಎಂದು ಬರೆದವರಿದ್ದಾರೆ. ಅವರು ಯಾರೂ ನಮ್ಮ ಲೂಕನ್ ಮನೆಯ ಬಚ್ಚಲನ್ನು ನೋಡಿದವರಲ್ಲ.

ಐರ್ಲೆಂಡಿನ ಆ ಲೂಕನ್ ಊರಲ್ಲಿ ಮನೆಗಳೆಲ್ಲ ಜೋಡಿ. ನಡುವಿನ ಗೋಡೆ ಇಬ್ಬರಿಗೂ ಸೇರಿದ್ದು. ನಾವು ಒಗ್ಗರಣೆ ಹಾಕಿದರೆ ಪಕ್ಕದವರು ಸೀನುತ್ತಿದ್ದರು, ಅವರ ನಾಯಿ ಬೊಗಳಿದರೆ ನಮ್ಮ ಸ್ಟೀಲು ತಟ್ಟೆ ಅದುರುತ್ತಿತ್ತು. ನನ್ನ ಮಗಳು ಶೈಲ ಬ್ಯೂಮಾಂಟಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅಳಿಯ ತದಾಶಿ ಜಪಾನಿನವನು, ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ನಾನು ಬಾಣಂತನಕ್ಕೆಂದು ಬಂದವಳು. ಹೋಗಿ ಬಂದು, ಹೋಗಿ ಬಂದು, ಕೊನೆಗೆ ಉಳಿದೇಬಿಟ್ಟೆ. ಮಗುವಿಗೆ ಅಪ್ಪ ಉಮಿ ಎಂದು ಹೆಸರಿಟ್ಟ. ಅವರ ಭಾಷೆಯಲ್ಲಿ ಸಮುದ್ರವಂತೆ. ನಮ್ಮಲ್ಲಿ ಭತ್ತದ ಹೊಟ್ಟು. ನಾನು ಉಮಾ ಎಂದು ಕರೆದೆ, ಅವಳು ಎರಡಕ್ಕೂ ತಿರುಗಿ ನೋಡುತ್ತಿದ್ದಳು. ಮಹಡಿಯ ಮೂಲೆಯ ಪುಟ್ಟ ಕೋಣೆ ನಮ್ಮಿಬ್ಬರದು. ಮೇಲಿನ ಮಂಚ ಅವಳದು, ಕೆಳಗಿನದು ನನ್ನದು. ಚಳಿಗಾಲದಲ್ಲಿ ಪ್ರತಿ ರೇಡಿಯೇಟರಿನ ಮೇಲೂ ಅವಳ ಒದ್ದೆ ಟವೆಲ್ಲು, ಒದ್ದೆ ಈಜುಡುಗೆ. ಇಡೀ ಮನೆ ಪೂಲಿನ ಕ್ಲೋರಿನ್ ಮತ್ತು ಬೆಳ್ಳುಳ್ಳಿ ಎರಡೂ ಸೇರಿದ ವಾಸನೆ ಹೊಡೆಯುತ್ತಿತ್ತು. ನನಗೆ ಅದು ಮನೆಯ ವಾಸನೆ. ಬೇರೆ ಮನೆಗಳಿಗೆ ಹೋದರೆ ಏನೋ ಕಮ್ಮಿ ಅನ್ನಿಸುತ್ತಿತ್ತು.

ಜಗಳದ ಜಾಗ ಬಚ್ಚಲು. ಇದ್ದದ್ದು ಒಂದೇ. ತದಾಶಿಗೆ ಸ್ನಾನವೆಂದರೆ ಮೊದಲು ತೊಟ್ಟಿಯ ಹೊರಗೆ ಕೂತು ಮೈ ಉಜ್ಜಿ ತೊಳೆದು, ಆಮೇಲೆ ತೊಟ್ಟಿ ತುಂಬ ಸುಡುನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವುದು. ಅದೇ ನೀರಿಗೆ ಆಮೇಲೆ ಮಗಳು, ಆಮೇಲೆ ಹೆಂಡತಿ. ಅವರೂರಲ್ಲಿ ಹಾಗೆ. ಒಬ್ಬರು ಕೂತ ನೀರಿನಲ್ಲಿ ಇನ್ನೊಬ್ಬರು ಕೂರುವುದು ನನಗೆ ಹೇಸಿಗೆ. ನನಗೆ ಚೊಂಬು ಬೇಕು, ತಲೆಯ ಮೇಲೆ ಸುರಿದ ನೀರು ಕಾಲಡಿಯಿಂದ ಹೋಗಿಬಿಡಬೇಕು. ನೀರು ಕಾಯಿಸುವ ಇಮ್ಮರ್ಶನ್ನಿನ ಸ್ವಿಚ್ಚು ಮೆಟ್ಟಿಲ ತುದಿಯ ಬೀರುವಿನಲ್ಲಿತ್ತು. ಅದನ್ನು ಆರಿಸದೆ ಹೊರಗೆ ಹೋದರೆ ಕರೆಂಟು ಬಿಲ್ಲು ಏರಿ ಆ ದೇಶದಲ್ಲಿ ಮದುವೆಗಳೇ ಮುರಿಯುತ್ತವೆ. ಶುಕ್ರವಾರ ಸಂಜೆ ಉಮಾಳ ತಲೆಗೆ ಹರಳೆಣ್ಣೆ ತಿಕ್ಕಿ, ನೆನೆಸಿ, ಸೀಗೆಪುಡಿ ಹಾಕಿ ತೊಳೆಯುವುದು ನನ್ನ ಪದ್ಧತಿ. ದಿನಾ ಪೂಲಿನ ನೀರು ಕುಡಿದ ಕೂದಲು ತೆಂಗಿನ ನಾರಾಗಿರುತ್ತಿತ್ತು, ಎಣ್ಣೆ ಬಿದ್ದರೆ ಮೆತ್ತಗಾಗುತ್ತಿತ್ತು. ತೊಳೆದಾದ ಮೇಲೆ ತೊಟ್ಟಿಯ ತಳ ಹಾವಿನ ಬೆನ್ನಿನ ಹಾಗೆ ನುಣುಪು. ಒಮ್ಮೆ ತದಾಶಿ ನೋಡದೆ ಕಾಲಿಟ್ಟು, ಜಾರಿ, ಗೋಡೆಗೆ ಹಣೆ ಹೊಡೆದುಕೊಂಡ. ಅವನು ಕೂಗಲಿಲ್ಲ. ಅವನು ಯಾವತ್ತೂ ಕೂಗುತ್ತಿರಲಿಲ್ಲ. ಮಾರನೆಯ ದಿನ ತೊಟ್ಟಿಗೆ ರಬ್ಬರು ಚಾಪೆ ಬಂತು. ಆದರೆ ಅಂದಿನಿಂದ ನನ್ನ ಎಣ್ಣೆ ಬಾಟಲಿಯನ್ನು ಅವನು ಕಚ್ಚುವ ನಾಯಿಯನ್ನು ನೋಡಿದ ಹಾಗೆ ನೋಡುತ್ತಿದ್ದ.

ಅವನು ಕೆಟ್ಟವನಲ್ಲ. ಮುದ್ದೆಯನ್ನು ಜಗಿಯಬಾರದು, ನುಂಗಬೇಕು ಎಂದು ಕಲಿಸಿದ್ದು ನಾನು. ಮೊದಲ ಸಲ ಅರ್ಧ ಗಂಟೆ ಜಗಿದು ದವಡೆ ನೋಯಿಸಿಕೊಂಡ. ಆಮೇಲೆ ಉಪ್ಸಾರು ಮಾಡಿದ ದಿನ ಅವನೇ ಮೊದಲು ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ. ಕನ್ನಡವನ್ನೂ ಕಲಿತ, ಆದರೆ ಕಲಿತದ್ದು ನಾನು ಮಗುವನ್ನು ಗದರುವುದನ್ನು ಕೇಳಿ. ಹಾಗಾಗಿ ಅವನಿಗೆ ಬರುತ್ತಿದ್ದದ್ದು ಬರೀ ಏಕವಚನ. ನಾನು ಅಳಿಯಂದಿರಿಗೆ ನೀವು ಎನ್ನುವುದು, ಅವನು ನನಗೆ ನೀನು ಎನ್ನುವುದು. ಮನೆಗೆ ಬಂದ ಕನ್ನಡದವರು ಕೈಯಲ್ಲಿದ್ದ ಕಾಫಿ ಚೆಲ್ಲಿಕೊಳ್ಳುತ್ತಿದ್ದರು.

"ಅತ್ತೆ, ಬಾ. ಕೂತ್ಕೋ. ಬಾಯಿ ಮುಚ್ಕೊಂಡು ತಿನ್ನು" ಎಂದು ಎರಡು ಕೈಯಲ್ಲಿ ತಟ್ಟೆ ಹಿಡಿದು, ಸೊಂಟ ಬಗ್ಗಿಸಿ ಕೊಡುತ್ತಿದ್ದ.

ನಾನು ತಿದ್ದಲಿಲ್ಲ. ಬಗ್ಗಿದ ಸೊಂಟದಲ್ಲೇ ಬಹುವಚನ ಇತ್ತಲ್ಲ.

ತದಾಶಿಗೆ ಈಜು ಬಾರದು. ಈಜುಗಾರ್ತಿ ಅವನ ಅಕ್ಕ. ಜಪಾನಿನ ಕಡಲ ಪಕ್ಕದ ಊರಲ್ಲಿ ಅವಳು ಈಜು ಕಲಿಸುವ ಶಾಲೆ ನಡೆಸುತ್ತಿದ್ದಳು. ಉಮಾಳನ್ನು ಚಿಕ್ಕಂದಿನಲ್ಲಿ ಲೂಕನ್ನಿನ ಪೂಲಿಗೆ ಹಾಕಿದ್ದು ಎಲ್ಲರ ಮಕ್ಕಳೂ ಹೋಗುತ್ತಾರೆ ಎಂದು. ಬೇರೆ ಮಕ್ಕಳು ಆ ಕಡೆ ಮುಟ್ಟಿ ಉಸ್ಸೆಂದು ಗೋಡೆ ಹಿಡಿದು ನಿಂತರೆ ಇವಳು ತಿರುಗಿ ಬರುತ್ತಿದ್ದಳು, ಮತ್ತೆ ಹೋಗುತ್ತಿದ್ದಳು. ನಿಲ್ಲು ಎಂದು ಹೇಳುವವರೆಗೆ ನಿಲ್ಲುತ್ತಿರಲಿಲ್ಲ. ಜೋರೂ ಇಲ್ಲ, ನಿಧಾನವೂ ಇಲ್ಲ, ಮುಖದಲ್ಲಿ ಆಯಾಸದ ಗುರುತೂ ಇಲ್ಲ. ಕಲಿಸುವವಳು ತದಾಶಿಯನ್ನು ಕರೆದು ತೋರಿಸಿದಳು. ಅವತ್ತು ಅವನು ಒಂದು ಸ್ಟಾಪ್‌ವಾಚು ಕೊಂಡ. ಅಲ್ಲಿಂದ ನಮ್ಮ ಮನೆಯ ಬೆಳಗು ಕತ್ತಲೆಯಲ್ಲಿ ಶುರುವಾಗತೊಡಗಿತು. ನಾನು ಎದ್ದು ರಾಗಿ ಅಂಬಲಿ ಕಾಯಿಸುವುದು, ಅವಳು ಕಣ್ಣು ಮುಚ್ಚಿಕೊಂಡೇ ಕುಡಿಯುವುದು, ಅವನು ಕಾರಿನ ಗಾಜಿನ ಮಂಜು ಕೆರೆಯುವುದು. ಶೈಲ ರಾತ್ರಿಪಾಳಿ ಮುಗಿಸಿ ಬಂದರೆ ಬಾಗಿಲಲ್ಲಿ ಇವರಿಬ್ಬರಿಗೆ ಅಡ್ಡ ಸಿಗುತ್ತಿದ್ದಳು. ಗಂಡಹೆಂಡತಿ ಮುಖ ನೋಡುತ್ತಿದ್ದದ್ದು ಆ ಬಾಗಿಲಲ್ಲೇ.

ಉಮಾಳಿಗೆ ಹದಿನಾಲ್ಕು ತುಂಬುವ ಹೊತ್ತಿಗೆ ತದಾಶಿಯ ಅಕ್ಕನಿಂದ ಮಾತು ಬಂತು. ಸಾವಿರದ ಐನೂರು ಮೀಟರನ್ನು ಇಷ್ಟು ಹೊತ್ತಿನೊಳಗೆ ಈಜಿದರೆ ಹುಡುಗಿಯನ್ನು ನನ್ನ ಹತ್ತಿರ ಕಳಿಸು, ಇಲ್ಲೇ ಹೈಸ್ಕೂಲಿಗೆ ಹಾಕಿ ತಯಾರು ಮಾಡುತ್ತೇನೆ, ಅಂತ. ಅಲ್ಲಿಂದ ಊಟದ ಮೇಜು ಕೆಟ್ಟಿತು. ತದಾಶಿ ಹೂಂ ಎಂದ. ಶೈಲ ಊಹೂಂ ಎಂದಳು. ಇಬ್ಬರೂ ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಮೆಲ್ಲಗೆ ಆಡುವ ಜಗಳ ಕೂಗಾಡುವ ಜಗಳಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಹುಡುಗಿ ನಡುವೆ ಕೂತು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದಳು. ಅವಳ ತಲೆಯ ಮೇಲಿಂದ ಮಾತು ಅತ್ತಿಂದಿತ್ತ ಹಾರುತ್ತಿತ್ತು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೆ ಮುದುಕಿಗೆ ಮೊಮ್ಮಗಳನ್ನು ಬಿಟ್ಟಿರಲು ಆಗುವುದಿಲ್ಲ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ತಪ್ಪು. ನನ್ನನ್ನು ಹದಿನೈದಕ್ಕೆ ಮದುವೆ ಮಾಡಿ ಬೇರೆ ಊರಿಗೆ ಕಳಿಸಿದ್ದರು. ಹೋಗುತ್ತೀಯಾ ಎಂದು ಕೇಳಿದವರಿಲ್ಲ. ಹೋದೆ, ಬದುಕಿದೆ. ಹೋಗುವುದು ದೊಡ್ಡದಲ್ಲ. ಹಾಗಾಗಿ ಒಂದು ಸಂಜೆ ಅವಳ ಜಡೆ ಬಿಚ್ಚುತ್ತಾ ನಾನೇ ಕೇಳಿದೆ.

"ಹೋಗಕ್ಕೆ ಇಷ್ಟ ಐತೇನೇ?"

"ಐಯಾಮ್ ಗ್ರ್ಯಾಂಡ್, ಅಜ್ಜಿ."

"ಗ್ರ್ಯಾಂಡ್ ಅಂದ್ರೆ ಹೂಂ ಅಂತಲೋ, ಊಹೂಂ ಅಂತಲೋ?"

"ಜಸ್ಟ್ ಗ್ರ್ಯಾಂಡ್."

ಆ ದೇಶದಲ್ಲಿ ಕಾಲು ಮುರಿದುಕೊಂಡವರೂ ಗ್ರ್ಯಾಂಡ್ ಎನ್ನುತ್ತಾರೆ. ನನಗೆ ಏನೂ ತಿಳಿಯಲಿಲ್ಲ. ಆದರೆ ಅವಳ ಕುತ್ತಿಗೆಯ ನರ ಬಿಗಿದಿತ್ತು, ಬೆರಳಿಗೆ ಸಿಕ್ಕಿತು.

ಅಕ್ಕ ಹೇಳಿದ ಟೈಮು ಮುಟ್ಟಬೇಕಿದ್ದ ಸ್ಪರ್ಧೆ ಶನಿವಾರ. ಹಿಂದಿನ ದಿನ ಶುಕ್ರವಾರ. ಸಂಜೆ ನಾನು ಎಣ್ಣೆ ಬಿಸಿ ಮಾಡಿಕೊಂಡು ಮಹಡಿ ಹತ್ತಿದರೆ ತದಾಶಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತಿದ್ದ.

"ಅತ್ತೆ, ಎಣ್ಣೆ ಬೇಡ. ಇವತ್ತು ಬೇಡ."

"ವಾರ ವಾರ ಹಾಕ್ತೀನಿ. ಇವತ್ತೇನು ಹೊಸದು?"

"ಟೋಪಿ ಜಾರತ್ತೆ."

"ಸೀಗೆಪುಡಿ ಹಾಕಿ ತೊಳೀತೀನಿ. ನಾಳೆ ನಿಮ್ ಕೈಯಲ್ಲೇ ಮುಟ್ಟಿ ನೋಡಿ, ಒಂದ್ ತೊಟ್ಟು ಇದ್ರೆ ಕೇಳಿ."

ಶೈಲ ಕೆಳಗಿನಿಂದಲೇ ಕೂಗಿದಳು.

"ಅಮ್ಮಾ, ಒಂದು ವಾರ ಬಿಟ್ರೆ ಏನು ಗಂಟು ಹೋಗತ್ತೆ ನಿಂಗೆ?"

ಆಗ ಉಮಾ ಕೋಣೆಯಿಂದ ಬಂದು ಅಪ್ಪನ ತೋಳಿನ ಕೆಳಗೆ ನುಸುಳಿ, ಬಚ್ಚಲಿನ ಮಣೆಯ ಮೇಲೆ ನನಗೆ ಬೆನ್ನು ಮಾಡಿ ಕೂತಳು. ಕೂತದ್ದೇ ಮಾತು. ತದಾಶಿ ಸರಿದು ನಿಂತ. ನಾನು ಹಚ್ಚಿದೆ, ತೊಳೆದೆ, ಎಂದಿಗಿಂತ ಒಂದು ಹಿಡಿ ಹೆಚ್ಚೇ ಸೀಗೆಪುಡಿ ಹಾಕಿದೆ. ಬೆಳಿಗ್ಗೆ ಕೂದಲು ಒಣಗಿ ಜೋಳದ ಗರಿಯ ಹಾಗೆ ಸರಸರ ಎನ್ನುತ್ತಿತ್ತು. ಸೊಂಟದವರೆಗಿನ ಕೂದಲು ಅವಳದು. ಅದನ್ನು ಕತ್ತರಿಸುವ ಮಾತು ಬಂದಾಗಲೆಲ್ಲ ನಾನು ಬಿಟ್ಟಿರಲಿಲ್ಲ. ಪೂಲಿಗೆ ಹೋದ ಮೇಲೆ ಗಟ್ಟಿಯಾಗಿ ಸುತ್ತಿ ಗಂಟು ಹಾಕಿ, ಬಿಳಿ ಟೋಪಿಯನ್ನು ಶೈಲ ಒಂದು ಕಡೆ ನಾನು ಒಂದು ಕಡೆ ಹಿಡಿದು ಎಳೆದು ಹಾಕಿದೆವು. ಅಷ್ಟು ಬಿಗಿ.

ದೊಡ್ಡ ಪೂಲು. ನಾವು ಕೂತದ್ದು ಮೇಲೆ, ತಿರುಗುವ ಗೋಡೆಗೆ ನೇರವಾಗಿ. ಶೈಲ ರಾತ್ರಿಪಾಳಿಯಿಂದ ನೇರ ಬಂದವಳು, ಒಳಗಿನ ಸೆಖೆಗೆ ಕೂತಲ್ಲೇ ತೂಕಡಿಸಿದಳು. ತದಾಶಿಯ ಕಣ್ಣು ಕೈಯಲ್ಲಿದ್ದ ಗಡಿಯಾರ ಬಿಟ್ಟು ಏಳಲಿಲ್ಲ. ಪ್ರತಿ ಸಲ ಗೋಡೆ ಮುಟ್ಟಿದ ಸದ್ದಿಗೆ ಹೆಬ್ಬೆರಳು ಒತ್ತುತ್ತಿದ್ದ, ಅಂಕಿ ನೋಡುತ್ತಿದ್ದ, ತುಟಿ ಕಚ್ಚುತ್ತಿದ್ದ. ಹುಡುಗಿಯನ್ನು ನೋಡುತ್ತಿದ್ದವಳು ನಾನೊಬ್ಬಳೇ. ಅರ್ಧ ದಾಟಿತು. ಅವನ ಮುಖ ಬಿಚ್ಚಿಕೊಂಡಿತು, ಮೊಣಕಾಲು ಕುಣಿಯತೊಡಗಿತು.

"ಅತ್ತೆ, ಮುಂದೆ! ಟೈಮಿಗಿಂತ ಮುಂದೆ!" ಎಂದ, ತಲೆ ಎತ್ತದೆ.

ಉಮಾ ನಮ್ಮ ಕೆಳಗಿನ ಗೋಡೆಗೆ ಬಂದಳು. ನೀರೊಳಗೆ ಪಲ್ಟಿ ಹೊಡೆದಳು. ಗೋಡೆ ಒದ್ದು ಹೊರಡುವಾಗ ಎರಡು ಕೈಯೂ ಬಾಣದ ಹಾಗೆ ಮುಂದೆ ಇರಬೇಕು, ವರ್ಷಗಟ್ಟಲೆ ನೋಡಿದ್ದೇನೆ. ಈ ಸಲ ಒಂದೇ ಕೈ ಮುಂದೆ ಹೋಯಿತು. ಇನ್ನೊಂದು ಹಿಂದಕ್ಕೆ ಬಂದು, ಕಿವಿಯ ಹತ್ತಿರ ಬೆರಳು ತೂರಿಸಿ, ಟೋಪಿಯನ್ನು ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿತು. ಗಂಟನ್ನೂ ಎಳೆಯಿತು. ಬಿಳಿ ಟೋಪಿ ಮೇಲೆ ತೇಲಿತು, ಕೂದಲು ನೀರೊಳಗೆ ಪಾಚಿಯ ಹಾಗೆ ಹರಡಿತು. ಆಮೇಲಿನದೆಲ್ಲ ನೋಡುವ ಹಾಗಿರಲಿಲ್ಲ. ಉಸಿರಿಗೆ ಮುಖ ತಿರುಗಿಸಿದರೆ ಬಾಯಿಗೆ ಕೂದಲು, ತೋಳು ಎತ್ತಿದರೆ ತೋಳಿಗೆ ಕೂದಲು. ಆದರೂ ನಿಲ್ಲಲಿಲ್ಲ, ಕೊನೆಯವರೆಗೆ ಈಜಿದಳು. ಟೈಮು ತಪ್ಪಿತು. ತದಾಶಿ ಗಡಿಯಾರ ನಿಲ್ಲಿಸಿ, ನೀರಲ್ಲಿ ತೇಲುವ ಟೋಪಿ ನೋಡಿದ, ಆಮೇಲೆ ನನ್ನ ಕೈಗಳನ್ನು ನೋಡಿದ.

ಕಾರಿನಲ್ಲಿ ಮನೆಗೆ ಹೊರಟೆವು. ಉಮಾ ನನ್ನ ಪಕ್ಕ, ಹುಡ್ಡಿಯನ್ನು ತಲೆಯ ಮೇಲೆ ಎಳೆದುಕೊಂಡು, ಹಣೆಯನ್ನು ಗಾಜಿಗೆ ಒತ್ತಿಕೊಂಡು. ಮನೆಗೆ ಬಂದ ಮೇಲೆ ಯಾರೂ ಇಮ್ಮರ್ಶನ್ ಹಾಕಲಿಲ್ಲ. ಜಪಾನಿನ ಅಕ್ಕನಿಗೆ ಫೋನು ಮಾಡಲು ತದಾಶಿ ಹಿತ್ತಲಿಗೆ ಹೋದ. ಗಾಜಿನ ಬಾಗಿಲಿನಾಚೆ ಅವನು ಫೋನಿಗೇ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಿದ್ದದ್ದು ಕಾಣುತ್ತಿತ್ತು. ಅವನ ಬೆನ್ನು ಅಷ್ಟು ಸಲ ಬಗ್ಗಿದ್ದು ನನಗೆ ಸಿಟ್ಟು ತಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಊಟಕ್ಕೆ ಬೆಳಗಿನ ಚಿತ್ರಾನ್ನವೇ ಇತ್ತು. ಬಡಿಸಿದೆ. ಯಾರೂ ಮುಟ್ಟುವ ಮೊದಲು ಶೈಲ ಶುರು ಮಾಡಿದಳು.

"ಅಮ್ಮಾ, ಬೇಕಂತಲೇ ಮಾಡಿದ್ಯಾ?"

"ಏನನ್ನ?"

"ನಾಟಕ ಆಡ್ಬೇಡ. ಅವಳನ್ನ ಕಳಿಸೋದು ನನಗೂ ಇಷ್ಟ ಇರ್ಲಿಲ್ಲ. ಆದ್ರೆ ನಾನು ಬಾಯಲ್ಲಿ ಹೇಳ್ದೆ. ನಿನ್ ಥರ ಮಗೂ ತಲೆಗೆ ಎಣ್ಣೆ ಸುರಿದು ಆಟ ಆಡ್ಲಿಲ್ಲ."

ತದಾಶಿ ಚಮಚ ಕೆಳಗಿಟ್ಟ. ಅವನ ದನಿ ಯಾವಾಗಿನ ಹಾಗೇ ಮೆಲ್ಲಗಿತ್ತು.

"ಅತ್ತೆ, ಬೇಡ ಅಂದೆ. ಯಾಕೆ ಹಾಕಿದೆ?"

ಅಷ್ಟು ವರ್ಷ ಅವನ ಏಕವಚನ ನನಗೆ ತಮಾಷೆ. ಅವತ್ತು ಮೊದಲ ಸಲ ಅದು ಏಕವಚನವಾಗಿಯೇ ಕೇಳಿಸಿತು. ನಾನು ಉಮಾಳ ಕಡೆ ನೋಡಿದೆ. ಅವಳು ಒಂದು ಕಡಲೆಬೀಜವನ್ನು ತಟ್ಟೆಯ ಅಂಚಿನ ಸುತ್ತ ತಳ್ಳುತ್ತಿದ್ದಳು. ಗಂಡಹೆಂಡತಿ ಇಂಗ್ಲಿಷಿನಲ್ಲಿ ಏನೋ ಆಡಿಕೊಂಡರು. ಆಮೇಲೆ ಶೈಲ ನನ್ನ ಮುಖ ನೋಡದೆ ಹೇಳಿದಳು.

"ಸ್ವಲ್ಪ ದಿನ ಅಣ್ಣನ ಮನೇಲಿ ಇದ್ದು ಬಾಮ್ಮ. ಮಂಡ್ಯಕ್ಕೆ ಹೋಗದೆ ತುಂಬಾ ದಿನ ಆಯ್ತು ನೀನು."

"ಇದ್ದು ಬಾ ಅಂತೀಯೋ, ಇರು ಅಂತೀಯೋ?"

ಕಡಲೆಬೀಜ ತಟ್ಟೆಯಿಂದ ಹೊರಗೆ ಬಿತ್ತು. ಉಮಾ ಎದ್ದು ಮಹಡಿಗೆ ಹೋದಳು.

ಕಂಡದ್ದನ್ನು ಯಾಕೆ ಹೇಳಲಿಲ್ಲ ಎಂದು ಆಮೇಲೆ ಶೈಲ ಎಷ್ಟೋ ಸಲ ಕೇಳಿದ್ದಾಳೆ. ಏನು ಹೇಳುವುದು? ನಾನು ಹೇಳಿದ್ದರೆ ಅದು ಚಾಡಿ. ಹುಡುಗಿ ಅಳುತ್ತಾಳೆ, ಅಪ್ಪ ಕ್ಷಮಿಸುತ್ತಾನೆ, ಮುಂದಿನ ಸ್ಪರ್ಧೆಗೆ ಕೂದಲು ಕತ್ತರಿಸಿ ಮತ್ತೆ ನೀರಿಗೆ ಇಳಿಸುತ್ತಾನೆ. ಅವಳ ಬಾಯಿಗೆ ಬಂದ ಮಾತು ಮತ್ತೆ ಹೊಟ್ಟೆಗೆ ಹೋಗುತ್ತದೆ. ಬಾಯಿ ಇದ್ದವಳು ಬಾಯಲ್ಲಿ ಹೇಳಬೇಕು, ತಲೆಯ ಮೇಲಿನ ಟೋಪಿಯಲ್ಲಿ ಅಲ್ಲ. ಮಂಡ್ಯಕ್ಕೆ ಹೋಗಲು ನನಗೆ ಹೆದರಿಕೆ ಇರಲಿಲ್ಲ, ಅಲ್ಲೂ ಅನ್ನ ಇದೆ. ಆದರೆ ಸುಳ್ಳಿನ ಮೂಟೆ ಹೊತ್ತುಕೊಂಡು ವಿಮಾನ ಹತ್ತುವವಳು ನಾನಲ್ಲ. ಮಲಗುವಾಗ ಮೇಲಿನ ಮಂಚ ಅಲುಗುತ್ತಿತ್ತು. ಅಲುಗಲಿ ಎಂದು ನಾನು ಗೋಡೆ ಕಡೆ ತಿರುಗಿದೆ, ನಿದ್ದೆಯೂ ಮಾಡಿದೆ.

ಮಾರನೆಯ ಬೆಳಿಗ್ಗೆ ಭಾನುವಾರ, ಪೂಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋದೆ. ಹರಳೆಣ್ಣೆ ಬಾಟಲಿಯನ್ನು ಬೋರಲು ಹಾಕಿ, ಇದ್ದದ್ದನ್ನೆಲ್ಲ ನನ್ನ ತಲೆಗೆ ಸುರಿದುಕೊಂಡೆ. ಎಣ್ಣೆ ಹುಬ್ಬಿನಿಂದ ಇಳಿದು ಗಲ್ಲಕ್ಕೆ ಬಂತು. ತೊಳೆಯಲಿಲ್ಲ. ರೇಡಿಯೇಟರಿನ ಮೇಲೆ ಒಣಗುತ್ತಿದ್ದ ಆ ಬಿಳಿ ಟೋಪಿಯನ್ನು ತೆಗೆದುಕೊಂಡು, ಕನ್ನಡಿಯ ಮುಂದೆ ನಿಂತು, ಕಿವಿ ಮಡಚಿಕೊಂಡು, ಹಲ್ಲು ಕಚ್ಚಿ ಎಳೆದು ಹಾಕಿಕೊಂಡೆ. ಕಣ್ಣು ಎರಡೂ ಓರೆಯಾದವು. ಹಣೆಯ ಸುಕ್ಕು ಹೋಗಿ ಹತ್ತು ವರ್ಷ ಕಮ್ಮಿಯಾದ ಹಾಗೆ ಕಂಡಿತು. ಸೀರೆ ಉಟ್ಟು, ಸ್ವೆಟರು ಹಾಕಿ, ತಲೆಗೆ ಈಜುಟೋಪಿ. ಹಾಗೇ ಕೆಳಗಿಳಿದು ರಾಗಿ ರೊಟ್ಟಿ ತಟ್ಟಲು ಶುರು ಮಾಡಿದೆ.

ಮೊದಲು ತದಾಶಿ ಬಂದ. ಬಾಗಿಲಲ್ಲೇ ನಿಂತ. ಹಿಂದೆ ಶೈಲ.

"ಅಮ್ಮಾ! ಏನಿದು ವೇಷ?"

"ರೊಟ್ಟಿ ಆರ್ತದೆ, ಕೂತ್ಕೊಳಿ."

ಉಮಾ ಬಂದು ತನ್ನ ಕುರ್ಚಿಯಲ್ಲಿ ಕೂತಳು. ನಾನು ಬಗ್ಗಿ ಅವಳ ತಟ್ಟೆಗೆ ರೊಟ್ಟಿ ಹಾಕಿದೆ. ಬಗ್ಗಿದಾಗ ಒಂದು ಸಲ ತಲೆ ಒದರಿದೆ, ದೇವರು ಬಂದವರ ಹಾಗೆ. ಎಣ್ಣೆ ಅವಳ ತಟ್ಟೆಯ ಅಂಚಿಗೆ ಸಿಡಿಯಿತು. ಟೋಪಿ ಇದ್ದಲ್ಲೇ ಇತ್ತು. ಹಿತ್ತಲಿಗೆ ಹೋಗಿ ಗಾಳಿಯಲ್ಲಿ ಟವೆಲ್ಲು ಹರವಿ ಬಂದೆ. ಇದ್ದಲ್ಲೇ ಇತ್ತು. ಅವಳ ಎದುರು ಕೂತು ಇನ್ನೊಂದು ಸಲ ಒದರಿದೆ. ಅವಳು ನನ್ನನ್ನು ನೋಡಿದಳು. ನಗು ಬಂತೋ ಅಳು ಬಂತೋ, ಎರಡನ್ನೂ ಒಟ್ಟಿಗೆ ನುಂಗಿ, ಅಪ್ಪನ ಕಡೆ ತಿರುಗಿದಳು.

"ನಾನೇ ಕಿತ್ತಿದ್ದು, ಡ್ಯಾಡ್" ಎಂದಳು, ನನಗೂ ತಿಳಿಯುವಂಥ ಇಂಗ್ಲಿಷಿನಲ್ಲಿ. "ನಾನು ಟೈಮಿಗಿಂತ ಮುಂದಿದ್ದೆ. ಬೇಕಂತ ನಿಧಾನ ಹೋಗೋಕೆ ನೋಡ್ದೆ, ನಂಗೆ ಬರ್ಲಿಲ್ಲ. ನಿಧಾನ ಹೋಗೋಕೆ ನಂಗೆ ಬರಲ್ಲ. ಅದಕ್ಕೇ."

ಪಕ್ಕದ ಮನೆಯ ನಾಯಿ ಬೊಗಳಿತು. ತಟ್ಟೆ ಅದುರಿತು. ತದಾಶಿ ಸ್ಟಾಪ್‌ವಾಚು ಇರುತ್ತಿದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡ, ಅದು ಅಲ್ಲಿರಲಿಲ್ಲ. ಆಮೇಲೆ ತನಗೆ ಬರುವ ಕನ್ನಡದಲ್ಲಿ ಕೇಳಿದ.

"ಜಪಾನ್... ಹೋಗ್ತೀಯಾ, ಬೇಡ್ವಾ?"

"ಈಗ ಬೇಡ" ಎಂದಳು ಅವಳು.

ಈಗ ಬೇಡ ಎಂದದ್ದನ್ನು ಹದಿನೆಂಟಕ್ಕೆ ತಾನೇ ಹೂಂ ಮಾಡಿಕೊಂಡು, ತಾನೇ ಕೂದಲು ಕತ್ತರಿಸಿಕೊಂಡು ಹೋದಳು. ಅದು ಬೇರೆ. ಅವತ್ತು ತದಾಶಿ ಕುರ್ಚಿಯಿಂದ ಎದ್ದು ನನ್ನ ಮುಂದೆ ಬಂದು ನಿಂತು ಬಗ್ಗಿದ. ಹಣೆ ಮೇಜಿಗೆ ತಾಗುವಷ್ಟು ಬಗ್ಗಿದ, ಏಳಲೇ ಇಲ್ಲ. ಶೈಲ ನನ್ನ ಸೀರೆ ಅಂಚು ಹಿಡಿದು ಅಮ್ಮಾ ಅಮ್ಮಾ ಎನ್ನುತ್ತಿದ್ದಳು. ನನ್ನ ಕಿವಿ ಬೆಂಕಿಯಾಗಿತ್ತು, ಎಣ್ಣೆ ಕಣ್ಣಿಗೆ ಇಳಿದಿತ್ತು.

"ಬಗ್ಗಿದ್ದು ಸಾಕು, ಎದ್ದು ಇದನ್ನ ಎಳೀರಿ" ಎಂದೆ.

ಅವನು ಒಂದು ಕಡೆ, ಉಮಾ ಒಂದು ಕಡೆ ಹಿಡಿದು ಎಳೆದರು. ಒಂದು ಹಿಡಿ ನರೆಗೂದಲೂ ಜೊತೆಗೆ ಬಂತು. ಮೆಟ್ಟಿಲ ತುದಿಗೆ ಹೋಗಿ ಇಮ್ಮರ್ಶನ್ ಹಾಕಿದೆ, ನೀರು ಕಾಯುವಷ್ಟರಲ್ಲಿ ಉಳಿದ ರೊಟ್ಟಿ ತಟ್ಟಿ ಮುಗಿಸಿದೆ.